ಎಡಕ್ಕ ಕೋಲ್ಬಿ, ಬಲಕ್ಕ ಅಭಿನವ

...ನಗಬ್ಯಾಡ! ನಗಬ್ಯಾಡ ಅಂದ್ನಿ, ಅಭಿನವಾ! ನಿಮ್ಮ ಕೋಚ್ ತಾನೇ ಫೋನ್ ಮಾಡಿ ಕೇಳಿದಪಾ. ನಾ ಏನು ಅವನ ಆಫೀಸಿಗೆ ಹೋಗಿದ್ನೇನು? ಮುಂಜಾನೆ ರೊಟ್ಟಿ ಬಡಿಯಾಕತ್ತಿದ್ನಿ, ಕೈಯೆಲ್ಲಾ ಹಿಟ್ಟು. "ಅಮ್ಮಾ, ಶನಿವಾರ ಲಾಸ್ಟ್ ಗೇಮ್. ನಿಮ್ಮ ಮಗನೂ ಅಷ್ಟೇ ಚೊಲೊ, ಕೋಲ್ಬಿನೂ ಅಷ್ಟೇ ಚೊಲೊ. ಕ್ವಾರ್ಟರ್‌ಬ್ಯಾಕ್ ಯಾರನ್ನ ಇಳಿಸಲಿ? ನಿಮ್ಮ ದೇವರನ್ನ ಕೇಳಿ ಹೇಳ್ರಿ" ಅಂದ. ಎಲ್ಲಾ ಇಂಗ್ಲಿಷಿನ್ಯಾಗ ಅಂದ, ಆದ್ರ ಅಮ್ಮಾ ಅನ್ನೋದನ್ನ ಮಾತ್ರ ಅಮ್ಮಾ ಅಂತನೇ ಅಂದ!

ತಪ್ಪು ನಂದೇ, ಇಲ್ಲ ಅನ್ನೂದಿಲ್ಲ. ಹೋದ ವರ್ಷ ದೀಪಾವಳಿಗೆ ನಿಮ್ಮ ಟೀಮಿನವರನ್ನ ಊಟಕ್ಕ ಕರದಾಗ ಆ ಕೋಚ್ ಟ್ರಕ್ಕಿನ ಕೀ ಕಳಕೊಂಡು ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ದ. ನಾ ಸುಮ್ನ ಇರಬೇಕಿತ್ತು... ಇರಲಿಲ್ಲ. ವೀರಭದ್ರ ದೇವರ ಎರಡೂ ಭುಜಕ್ಕ ಒಂದೊಂದು ಹಸಿ ಹೂ ಅಂಟಿಸಿ, ಬಲಗಡೆದು ಮೊದ್ಲ ಬಿದ್ರ ಮನಿಯಾಗೈತಿ, ಎಡಗಡೆದು ಬಿದ್ರ ಹೊರಗೈತಿ ಅಂತ ಕೇಳಿದ್ನಿ. ಬಲಕ್ಕ ಬಿತ್ತು. ಕೀ ಎಲ್ಲಿ ಸಿಕ್ತು? ಮೊಸರನ್ನದ ಡಬರಿಯೊಳಗ! ಅವತ್ತಿನಿಂದ ಆ ಆರೂವರಿ ಅಡಿ ಮನಷ್ಯಾ ನನ್ನ ಮುಂದ ಕೈ ಕಟ್ಟಿ ನಿಂದರತಾನ. ಮಳಿ ಬರ್ತೈತೇನಮ್ಮಾ, ಟಾಸ್ ಹೆಡ್ಸಾ ಟೇಲ್ಸಾ ಅಮ್ಮಾ... ಗಂಗಾಂಬಿಕಾನ ದೇವರು ಫುಟ್‌ಬಾಲ್ ನೋಡ್ತಾನ ಅಂತ ಗುಡಿಯಾಗೆಲ್ಲಾ ನನ್ನ ನೋಡಿ ನಗತಾರ.

ಹೋದ ತಿಂಗಳು ಕೋಚ್ ತಾನೇ ಮಾಡಾಕ ಹೋಗಿದ್ನಲ್ಲ! ನಿಮ್ಮ ಕಾಲೇಜಿನ ಟೀಮಿನ ಗುರುತು, ಆ ಟಗರಿನ ಗೊಂಬಿ ಐತಲ್ಲ, ಅದರ ಎರಡೂ ಕೊಂಬಿಗೆ ಹೂ ಇಟ್ಟು ಕುಂತಾನ. ಗಾಳಿ ಬಂದು ಎರಡೂ ಹಾರಿ ಹೋದ್ವು. ಇಬ್ಬರನ್ನೂ ಅರ್ಧರ್ಧ ಆಡಿಸಿ ಸೋತು ಬಂದ. ಹಾಂ, ನಗು, ಇದಕ್ಕ ನಗು. ರೊಟ್ಟಿ ತಿನ್ನು ಮೊದ್ಲ. ಎರಡು ತಾಸು ಡ್ರೈವ್ ಮಾಡ್ಕೊಂಡು ಬಂದಿ.

ಅದಕ್ಕ ಈ ಸಲ ನಾನೇ ಕೇಳಿದ್ನಿ. ಜಳಕಾ ಮಾಡಿ, ಊದಿನಕಡ್ಡಿ ಹಚ್ಚಿ. ಎಡಕ್ಕ ಕೋಲ್ಬಿ, ಬಲಕ್ಕ ನೀ. ಎಡಕ್ಕ ಬಿತ್ತು. ಏನ್ ಮಾಡಲಿ ಹೇಳು? ದೇವರ ಮಾತು. ಕೋಚಿಗೆ ಕೋಲ್ಬಿ ಅಂದ್ನಿ, ಅಂವ ಥ್ಯಾಂಕ್ಯೂ ಅಮ್ಮಾ ಅಂದ, ಮುಗೀತು. ಹೋದ ತಿಂಗಳಿನ ಆ ಅರ್ಧ ಆಟ ಬಿಟ್ರ ನಾಕ್ ವರ್ಷ ಬೆಂಚಿನ ಮ್ಯಾಲೇ ಕುಂತಿ, ಇದೊಂದು ಆಟ ಇನ್ನ ಕುಂದ್ರು. ಮಾರಿಸ್‌ವಿಲ್ಲಿನಾಗ ಇದ್ದಬಿದ್ದ ಹುಡುಗರೆಲ್ಲಾ ಕ್ರಿಕೆಟ್ ಆಡ್ತಾವ, ನಿನಗೊಬ್ಬಗೇ ಯಾಕ ಬೇಕಾಗಿತ್ತೋ ಈ ಅಮೆರಿಕದ ಫುಟ್‌ಬಾಲ್. ಹನ್ನೊಂದು ಮಂದಿಯೊಳಗ ಚೆಂಡು ಒಗಿಯಾಂವ ಈ ಕ್ವಾರ್ಟರ್‌ಬ್ಯಾಕ್ ಒಬ್ಬನೇ, ಎದರಿನವರೆಲ್ಲಾ ಆ ಒಬ್ಬನ ಮ್ಯಾಲೇ ಬರ್ತಾರ...

ಯಾಕ, ನಗೋದು ನಿಲ್ಲಿಸಿದಿ?

ಕೋಲ್ಬಿ ಏನು ಕೆಟ್ಟ ಹುಡುಗನೇನು? ನಮ್ಮ ಶೇಂಗಾ ಚಟ್ನಿ ಚಮಚಲೇ ತಿಂತಾನ, ಪಾಪ. ಅವರವ್ವನೂ ಚೊಲೊ ಹೆಣಮಗಳು. ಅಕಿಗೂ ಒಬ್ಬನೇ ಮಗ... ಇರ್ಲಿ ಬಿಡು, ಅದು ಬ್ಯಾರೆ ಮಾತು. ನಾ ಏನು ಒಂದು ಸಲ ಕೇಳಿ ಬಿಟ್ಟೀನೇನು? ಮೂರು ಸಲ ಕೇಳೀನಿ!

ಹಂಗ್ಯಾಕ ನೋಡ್ತಿ? ಮೂರು ಸಲ ಯಾಕಂದ್ರ... ಹೂ ಫ್ರಿಜ್ಜಿನಾಗಿಂದು, ಸರಿ ಅಂಟಿತ್ತೋ ಇಲ್ಲೋ ಅಂತ ಎರಡನೇ ಸಲ ಕೇಳಿದ್ನಿ. ಆಮ್ಯಾಲೆ ಮೂರನೇ ಸಲ ಕಡೆ ಬದಲ ಮಾಡಿ, ಬಲಕ್ಕ ಕೋಲ್ಬಿ, ಎಡಕ್ಕ ನೀ ಅಂತ ಇಟ್ನಿ. ಎಡಕ್ಕ ಬಿತ್ತು. ಅದನ್ನೇ ಹೇಳಿದ್ನೆಲ್ಲ, ಎಡಕ್ಕ ಬಿತ್ತು ಅಂತ. ಸುಳ್ಳೇನೈತಿ ಇದರಾಗ?

ಅಭಿ... ಏನರ ಅನ್ನಪಾ. ಇಂಗ್ಲಿಷಿನ್ಯಾಗಾದ್ರೂ ಅನ್ನು. ಸಿಟ್ಟು ಮಾಡು, ತಾಟು ಒಗಿ, ಬಾಗಿಲಾ ಬಡಕೊಂಡು ಹೋಗು. ಮೊದಲನೇ ಸಲ ಯಾವ ಕಡೆ ಬಿತ್ತವ್ವಾ, ಎರಡನೇ ಸಲ ಯಾವ ಕಡೆ ಬಿತ್ತವ್ವಾ ಅಂತ ಕೇಳೂದಿಲ್ಲೇನು? ಕೇಳೂದಿಲ್ಲ... ನಿನಗ ಗೊತ್ತಾತು.

ನಿನಗೇ ಕೊಟ್ಟ. ಮೂರೂ ಸಲ ನಿನಗೇ ಕೊಟ್ಟ ನನ್ನಪ್ಪಾ! ಕಡೆ ಬದಲ ಮಾಡಿದ್ರೂ ಬಿಡಲಿಲ್ಲ ಅಂವ. ಹೋದ ತಿಂಗಳು ನೀ ಇಳಿದಾಗ ಮೂರು ಮಂದಿ ನಿನ್ನ ಮ್ಯಾಲೆ ಬಿದ್ರಲ್ಲ? ಅವರೆಲ್ಲಾ ಎದ್ರು. ನೀ ಏಳಲಿಲ್ಲ. ಹನ್ನೊಂದು ಸೆಕೆಂಡ್! ನಿಮ್ಮಪ್ಪ ಪಾಪ್‌ಕಾರ್ನ್ ತರಾಕ ಹೋಗಿದ್ರು, ನಾ ಒಬ್ಬಾಕಿನೇ ನೋಡೀನಿ. ಆಮ್ಯಾಲೆ ನೀ ಎದ್ದು ಕೈ ಬೀಸಿದಿ, ಮಂದಿ ಚಪ್ಪಾಳಿ ಹೊಡದ್ರು, ಎಲ್ಲಾರೂ ಮರತ್ರು. ನನಗ ಮರಿಯಾಕ ಆಗವಲ್ದು. ಹೆದರಿಕಿ ಬರ್ತೈತಪಾ ನನಗ, ಭಾಳ ಹೆದರಿಕಿ ಬರ್ತೈತಿ.

ಗೊತ್ತೈತಿ, ಗೊತ್ತೈತಿ, ಕೋಲ್ಬಿ ಅವ್ವನೂ ಅಲ್ಲೇ ಕುಂತಿರತಾಳ. ಅದನ್ನ ಕಣ್ಣಿಲೇ ಹೇಳಬ್ಯಾಡ ನೀ.

ಫೋನ್ ಯಾಕ ನನ್ನ ಮುಂದ ಹಿಡದಿ? ನಾನೇ ಹೇಳಬೇಕೇನು... ಹೇಳ್ತೀನಿ, ತಡಿ. ಒಂದು ನಿಮಿಷ ತಡಿ! ಮೊದ್ಲ ಕಾರಿನಾಗಿಂದ ನಿನ್ನ ಹೆಲ್ಮೆಟ್ ತಗೊಂಡು ಬಾ. ತಂದು ಹಾಕ್ಕೊ, ಗದ್ದದ ಬೆಲ್ಟ್ ಬಿಗಿ ಮಾಡು, ಇಲ್ಲೇ ನನ್ನ ಮುಂದ ಕುಂದ್ರು. ಈ ಲಟ್ಟಣಿಗಿಲೇ ಮ್ಯಾಲಿಂದ ಒಂದು, ಎಡಕ್ಕೊಂದು, ಬಲಕ್ಕೊಂದು ಬಡದು ನೋಡ್ತೀನಿ. ನೋವಾದ್ರ ನೋವಾತು ಅನ್ನಬೇಕು ಮತ್ತ, ನನ್ನ ಸಲುವಾಗಿ ಸುಳ್ಳು ಹೇಳಬಾರದು. ಆಮ್ಯಾಲೆ ಕೋಚಿಗೆ ಹೇಳ್ತೀನಿ, ನನ್ನ ಮಗನ್ನೇ ಇಳಸ್ರಿ ಅಂತ.