ಬಿಸಿಲಿನ ಪಾಳಿ

"ಏಳಮ್ಮಾ, ಈಗ ಬಿಸಿಲಲ್ಲಿ ನಿಲ್ಲೋ ಪಾಳಿ ನಿಂದು," ಅಂದಳು ಆಸ್ಪತ್ರೆಯ ಆಯಾ.

ಪಂಕ್ಚರ್ ಅಂಗಡಿಯವನು ಟ್ಯೂಬು ಉಜ್ಜುತ್ತಲೇ ಕಿವಿ ನಿಮಿರಿಸಿದ. ಬಸ್‌ಸ್ಟಾಪಿನ ಕಂಬದ ಹತ್ತಿರ ಅಂಗೈಯಗಲ ನೆರಳಿಲ್ಲ. ಬಸ್ಸಿಗೆ ಕಾಯುವವರೆಲ್ಲ ಅವನ ತಗಡಿನ ಚಪ್ಪರದ ಕೆಳಗೇ ಬಂದು ಕೂರುತ್ತಿದ್ದರು.

"ಯಾವ ಪಾಳಿ ಅಕ್ಕಾ?" ಈ ಊರಿಗೆ ಬಂದು ವಾರವಷ್ಟೇ ಆಗಿದ್ದ ಟೈಲರ್ ಹೆಂಗಸು ಕೇಳಿದಳು.

"ಕಂಬದ ಹತ್ರ ಒಬ್ಬರಾದ್ರೂ ಕಾಣದಿದ್ರೆ ಡ್ರೈವರ್ ನಿಲ್ಸೋದೇ ಇಲ್ಲ. ಅದಕ್ಕೇ ಹತ್ತತ್ತು ನಿಮಿಷ ಒಬ್ಬೊಬ್ಬರು."

"ನಾವೇನು ಒಗೆದ ಬಟ್ಟೆನಾ, ಒಣಗೋಕೆ?"

"ಮೊನ್ನೆ ಯಾರೂ ನಿಲ್ಲಲಿಲ್ಲ. ಬಸ್ಸು ಬುರ್ರಂತ ಹೋಯ್ತು."

"ಗೊತ್ತು, ನಾನೂ ಇಲ್ಲೇ ಇದ್ದೆ! ಇನ್ನೊಂದು ಸಲ ತಡ ಆದ್ರೆ ಕೆಲಸಕ್ಕೆ ಬರಲೇಬೇಡ ಅಂದಿದ್ದಾನೆ ನಮ್ಮ ಯಜಮಾನ. ಕಾರು ತಗೋ ಅಂತ ಬುದ್ಧಿವಾದ ಬೇರೆ!"

"ಕಾರಿಲ್ಲದವರು ಇಲ್ಲಿ ಯಾರ ಕಣ್ಣಿಗೂ ಬೀಳಲ್ಲ ಬಿಡು."

"ಆ ಕಂಬದ ಹತ್ರ ಒಂದು ತಗಡು ಹೊದಿಸೋಕೆ ಪುರಸಭೆಯವರ ಗಂಟೇನು ಹೋಗುತ್ತೆ? ನೀವಾದ್ರೂ ಕೇಳ್ಬಾರದಾ ಅಕ್ಕಾ?"

"ಆರು ವರ್ಷದಿಂದ ಕೇಳ್ತಾನೇ ಇದೀನಿ ತಾಯಿ. ಹೋಗು, ಬಸ್ಸು ಬರೋ ಹೊತ್ತು."

ಟೈಲರ್ ತಲೆ ಮೇಲೆ ಬಟ್ಟೆ ಹೊದ್ದು ಗೊಣಗುತ್ತ ಹೋಗಿ ನಿಂತಳು. ಬಸ್ಸು ಬಂತು. ಕೈ ಬೀಸಿದಳು, ವೇಗ ತಗ್ಗಲಿಲ್ಲ. ಅವಳು ಸೀದಾ ರಸ್ತೆಗಿಳಿದು ನಟ್ಟನಡುವೆ ನಿಂತುಬಿಟ್ಟಳು. ಬ್ರೇಕು ಕಿರ್ರೆಂದಿತು.

"ಸಾಯೋಕೆ ನನ್ನ ಬಸ್ಸೇ ಬೇಕಿತ್ತಾ?" ಡ್ರೈವರ್ ಕೂಗಿದ.

"ಸಾಯೋಕಲ್ಲಪ್ಪಾ, ಕೆಲಸಕ್ಕೆ ಹೋಗೋಕೆ! ಅಕ್ಕ ಹತ್ತೋವರೆಗೂ ನಾನು ಕದಲಲ್ಲ."

ಆಯಾ ಮಂಡಿ ಹಿಡಿದುಕೊಂಡೇ ಓಡಿದಳು. ಆದರೆ ಒಳಗೆ ಹೋಗಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ನೆಲಕ್ಕೇ ಊರಿ, ಟೈಲರ್ ಸುತ್ತಿ ಬಂದು ಹತ್ತುವವರೆಗೂ ಬಾಗಿಲ ಕಂಬಿ ಬಿಡಲಿಲ್ಲ.