ಶಿವದೇವಿಯ ಹಲ್ಲಿನ ತಂತಿ

"ಹಲೋ... ಯಾರ್ರಿ ಮಾತಾಡೋದು? ... ಹಾಂ? ಯಾರು? ... ಗೋದಕ್ಕಾರಾ? ಅಯ್ಯ, ಇದು ಯಾರ ನಂಬರ್ರಿ? ... ನಿಮ್ಮ ಮಗ ನಚಿಕೇತಂದಾ? ಹಾಂ, ಹಾಂ. ಆರಾಮ ಅದೀರಿಲ್ರಿ?"

ಶಿವದೇವಿ ಫೋನನ್ನು ಎಡಗಿವಿಗೆ ಬದಲಾಯಿಸಿಕೊಂಡಳು. ಬಲಗೆನ್ನೆ ಊದಿತ್ತು. ಗಂಡನ ಅಕ್ಕ ಗೋದಾಬಾಯಿ ರಾಯಚೂರಿನಿಂದ ಫೋನ್ ಮಾಡುವುದು ಹಬ್ಬಕ್ಕೆ, ಇಲ್ಲವೇ ಯಾರಾದರೂ ಸತ್ತರೆ. ಇವತ್ತು ಹಬ್ಬವಿರಲಿಲ್ಲ.

"... ಇಲ್ರಿ, ನೆಗಡಿ ಅಲ್ಲ. ಹಲ್ಲಿಗಿ ತಂತಿ ಹಾಕಿಸೀನಿ, ಅದಕ್ಕ ದನಿ ಹಂಗ ಬರಾಕತ್ತೈತಿ. ... ಹಾಂ, ಮೊನ್ನಿ ಸೋಮವಾರ. ... ಅಂದ್ರ ನಿಮಗ ಮೊದಲ ಗೊತ್ತಿತ್ತಾ? ಗೊತ್ತಿದ್ದು ಯಾಕ ಕೇಳಿದ್ರಿ ಮತ್ತ?"

"... ನಲವತ್ತಾರು. ಹಾಂ, ತುಂಬ್ಯಾವ. ನನ್ನ ವಯಸ್ಸು ನನಗ ಗೊತ್ತೈತ್ರಿ ಅಕ್ಕಾರ. ಡಾಕ್ಟರಮ್ಮಗೂ ಗೊತ್ತೈತಿ. ಹಲ್ಲಿಗಷ್ಟ ಗೊತ್ತಿಲ್ಲ. ಅವು ಇನ್ನೂ ಸರೀತಾವಂತ."

"... ನೋವಾ? ಐತ್ರಿ. ಸುಳ್ಳು ಯಾಕ ಹೇಳ್ಲಿ? ಎರಡು ದಿನ ದವಡಿ ನಂದಲ್ಲ ಅನ್ನಂಗ ಇತ್ತು. ಈಗ ರೂಢಿ ಮಾಡ್ಕೊಂಡೀನಿ. ಉಂಡ ಮ್ಯಾಲ ಗುಳಿಗಿ ನುಂಗತೀನಿ. ಬೆಚ್ಚನ್ನ ಉಪ್ಪಿನ ನೀರಿಲೆ ಮುಕ್ಕಳಿಸತೀನಿ. ಭಾಳ ಆತಂದ್ರ ಫ್ರಿಜ್ಜಿನ ನೀರು ಬಾಯಾಗ ಹಿಡಕೊಂಡು ಕುಂದರತೀನಿ. ... ಊಟಾ? ಅಂಬಲಿ, ಹಿಚುಕಿದ ಮೊಸರನ್ನ. ಮನಿಯಾಗ ಕೂಸು ಹುಟ್ಟಿದಂಗ ಆಗೈತಿ ನೋಡ್ರಿ. ಕೂಸೂ ನಾನ, ಬಾಣಂತಿನೂ ನಾನ."

"... ಲವಂಗ ಇಟ್ಟು ನೋಡೀನಿ. ಗಾಯಕ್ಕ ತಾಗಿ ಕಣ್ಣಾಗ ನೀರು ಬಂತು, ಉಗುಳಿದೆ. ... ಏನು? ... ನೇಲ್ ಕಟರಿಲೆ ತಂತಿ ಕತ್ತರಿಸಬೇಕಾ? ಅಕ್ಕಾರ, ಇದೇನು ಹೊಲದ ಬೇಲಿ ಅಂತ ತಿಳದೀರೇನು?"

ಹಾಗೆಂದವಳು ತಟ್ಟನೆ ನಿಂತಳು. ತಂತಿಯ ತುದಿ ಎದ್ದು ಕೆನ್ನೆಗೆ ಚುಚ್ಚುತ್ತಿದ್ದುದು ಇಂದು ಮುಂಜಾನೆಯಿಂದ. ಅಮೀರ್‌ಪೇಟೆಯ ಹಾಸ್ಟೆಲುಗಳಿಗೆ ಹದಿನೈದು ವರ್ಷದಿಂದ ಅವಳು ಖಡಕ್ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಪ್ರತಿ ಗುಂಪಿನಿಂದ ಒಂದು ರೊಟ್ಟಿ ಎತ್ತಿ ಅಂಚು ಕಡಿಯುವುದು, ಸದ್ದು ಸರಿಯಿದ್ದರೆ ಮಾತ್ರ ಕಟ್ಟಿ ಕಳಿಸುವುದು ಅವಳ ಪದ್ಧತಿ. ಇಂದು ಬಾಯಲ್ಲಿ ತಂತಿ ಇರುವುದನ್ನೇ ಮರೆತು ಕಡಿದಿದ್ದಳು. ಹಲ್ಲಿಗೆ ಅಂಟಿಸಿದ್ದ ಒಂದು ಬಿಲ್ಲೆ ಕಿತ್ತು ರೊಟ್ಟಿಯಲ್ಲೇ ಸಿಕ್ಕಿಕೊಂಡಿತ್ತು. ಡಾಕ್ಟರಮ್ಮ ಫೋನಿನಲ್ಲಿ, ಚುಚ್ಚುವ ಕಡೆ ಮೇಣ ಒತ್ತಿಕೊಂಡು ನಾಲ್ಕಕ್ಕೆ ಬನ್ನಿ ಎಂದಿದ್ದಳು. ಇದೆಲ್ಲ ನಡೆದಾಗ ಮನೆಯಲ್ಲಿ ಇದ್ದವನು ಒಬ್ಬನೇ, ನಾಂಪಲ್ಲಿಯ ಆಫೀಸಿಗೆ ಹೊರಟು ನಿಂತಿದ್ದ ಗಂಡ ಅಂಬಾದಾಸ.

"ತಡೀರಿ ಅಕ್ಕಾರ. ತಂತಿ ಚುಚ್ಚಾಕತ್ತೈತಿ ಅಂತ ನಾ ಹೇಳೇ ಇಲ್ಲಲ್ರಿ. ನಿಮಗ ಯಾರು ಹೇಳಿದ್ರು?"

"... ಯಾರೋ ಅಂದ್ರ ಯಾರು? ನನ್ನ ಗಲ್ಲದ ಸುದ್ದಿ ಹೊತ್ಕೊಂಡು ರಾಯಚೂರಿಗಿ ಯಾರು ಬಂದಿದ್ರು? ... ಹಾಂ. ನಿಮ್ಮ ತಮ್ಮ. ಹಂಗ ಹೇಳ್ರಿ."

"... ಸುತ್ತು ಬಳಸಬ್ಯಾಡ್ರಿ, ಮಾತಿಗಿ ಬರ್ರಿ. ... ಹಾಂ... ಹಾಂ... ನಾಲ್ಕಕ್ಕ ಹೆಂಗೂ ಹೊಂಟೀದಿ, ಪೂರಾ ತಗಸಿಕೊಂಡು ಬಾ ಅಂತೀರಿ. ಅಷ್ಟ ಅಲ್ವಾ?"

"... ಮುಂದಿನ ತಿಂಗಳು ನಚಿಕೇತನ ಮದುವಿ, ಗೊತ್ತೈತಿ. ಸೋದರಮಾವನ ಹೆಂಡ್ತಿ ಆರತಿ ಹಿಡೀಬೇಕು, ಅದೂ ಗೊತ್ತೈತಿ. ... ಬೀಗರು ನೋಡ್ತಾರಾ? ನೋಡ್ಲಿ. ... ಫೋಟೋದಾಗ ಕಾಣಸ್ತೈತಾ? ಕಾಣಿಸ್ಲಿ. ಆರತಿ ಕೈಲೆ ಹಿಡೀತಾರ್ರಿ, ಹಲ್ಲಿಲೆ ಹಿಡಿಯಂಗಿಲ್ಲ."

"... ಚಂದಕ್ಕಾ? ಹೌದು, ಚಂದಕ್ಕ! ನಲವತ್ತಾರರಾಗ ಚಂದ ಕಾಣಬಾರದು ಅಂತ ಯಾರ್ದಾರ ಆರ್ಡರ್ ಐತೇನು? ... ಈ ಮಾತು ನೀವು ಆಡಬ್ಯಾಡ್ರಿ. ಕನ್ಯಾ ನೋಡಾಕ ಬಂದಾಗ ಅಂಗಳದಾಗ ನಿಂತು ನೀವ ಹೇಳಿದ್ರಿ, 'ಹುಡುಗಿಗಿ ಬಾಯಿ ಮುಚ್ಕೊಂಡು ಕುಂದರಾಕ ಹೇಳ್ರಿ, ಉಬ್ಬುಹಲ್ಲು ಕಾಣ್ತಾವ' ಅಂತ. ನಾ ಒಳಗ ಕೇಳೀನಿ. ... ನಗಿಚಾಷ್ಟಿಗಿ ಅಂದ್ರಾ? ನಾ ಚಾಷ್ಟಿ ಅಂತ ತಿಳೀಲಿಲ್ಲ. ಇಪ್ಪತ್ನಾಕು ವರ್ಷ ಆತು. ಬಾಯಿ ತಗದಿದ್ದು ನನ್ನದೊಂದು ಫೋಟೋ ತೋರಿಸ್ರಿ. ಒಂದ ಒಂದು. ... ಇಲ್ಲ. ಇಲ್ಲಲ್ವಾ?"

ಅವಳ ದನಿ ಏರಲಿಲ್ಲ. ಮೇಣ ಸಡಿಲಾಗಿತ್ತು. ಬೆರಳಿನಿಂದ ಮತ್ತೆ ಒತ್ತಿದಳು. ಆಗ ಫೋನಿನೊಳಗೆ ಏನೋ ಸದ್ದಾಯಿತು.

"... ತಡೀರಿ, ತಡೀರಿ. ನೀವು ಕೆಮ್ಮಿದ್ರಾ? ... ಇಲ್ಲ, ನೀವಲ್ಲ. ಈ ಕೆಮ್ಮು ನಾ ಇಪ್ಪತ್ನಾಕು ವರ್ಷ ಬಾಜೂಕ ಕೇಳೀನಿ."

ದೂರದಲ್ಲಿ ಯಾರೋ "ದೋ ಚಾಯ್ ಇಧರ್" ಎಂದು ಕೂಗಿದರು. ಅದು ರಾಯಚೂರಿನ ಮನೆಯ ಸದ್ದಾಗಿರಲಿಲ್ಲ.

"ರೀ... ರೀ, ನಿಮ್ಮನ್ನ ಕೇಳಾಕತ್ತೀನಿ. ಕಾನ್ಫರೆನ್ಸ್ ಹಚ್ಚಿಸ್ಕೊಂಡು ಕುಂತೀರೇನು? ... ಎಷ್ಟೊತ್ತಿಂದ? ... ಮೊದಲಿಂದಾನಾ! ಎದುರಿಗಿ ಕುಂತು ಹೇಳಾಕ ಏನಾಗಿತ್ರಿ? ನಿಮ್ಮ ಹಲ್ಲು ನೆಟ್ಟಗ ಅದಾವಲ್ಲ?"

"... ನನ್ನ ನೋವು ನೋಡಾಕ ಆಗಂಗಿಲ್ಲಾ? ನಿನ್ನಿ ನಾ ನರಳಿದ್ರ ಟಿವಿ ದನಿ ಏರಿಸಿದವ್ರು ಯಾರ್ರಿ? ... ಹಾಂ, ಈಗ ಖರೇ ಬಂತು. ಆಫೀಸಿನ್ಯಾಗ ನಕ್ಕರು. ... 'ಭಾಬಿ ಮತ್ತ ಇಸ್ಕೂಲಿಗಿ ಹೊಂಟಾಳೇನು' ಅಂದ್ರಾ? ಹೂಂ, ಹೊಂಟಾಳ ಅನಬೇಕಿತ್ತು. ಅದಕ್ಕ ಅಕ್ಕನ ಸೆರಗಿನ್ಯಾಗ ಹೊಕ್ಕೀರಾ?"

"... ಏನಂದ್ರಿ? ಇನ್ನೊಮ್ಮೆ ಹೇಳ್ರಿ. ... ನೀವು ದವಾಖಾನಿಗಿ ಫೋನ್ ಮಾಡಿದ್ರಾ? ಯಾವಾಗ? ... ನನ್ನ ಕೇಳದ? ... ಸಂಜಿಕ ಬರ್ತಾಳ, ಎಲ್ಲಾ ತಗದ್ಬಿಡ್ರಿ ಅಂತ ಹೇಳೀರಿ. ನನ್ನ ಬಾಯಾಗಿಂದು. ನೀವು ಹೇಳೀರಿ."

ಶಿವದೇವಿ ರೊಟ್ಟಿಯ ಬುಟ್ಟಿಯ ಪಕ್ಕ ನೆಲಕ್ಕೆ ಕುಳಿತಳು. ಮೂರು ದಿನದ ನೋವು ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ. ದವಾಖಾನೆಯ ಫಾರಂ ತುಂಬಿದವನು ಅಂಬಾದಾಸನೇ. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಬ್ಯಾಂಕಿಗೆ ಅವನು ಒಂದು ಫೋನ್ ಮಾಡಿದರೆ ಸಾಕಿತ್ತು. ಹೆಂಡತಿ ಏನಂತಾಳೆ ಎಂದು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಇಲ್ಲೂ ಕೇಳಿರಲಿಕ್ಕಿಲ್ಲ. ನಾಲ್ಕಕ್ಕೆ ಹೋಗಿ ಕುರ್ಚಿಯಲ್ಲಿ ಕೂತರೆ ಇಕ್ಕಳ ತಯಾರಾಗಿರುತ್ತದೆ.

"... ಡಾಕ್ಟರಮ್ಮ ಏನಂದ್ಳು? ... ಅದೆಲ್ಲಾ ಇರ್ಲಿ, ಆಕಿ ಏನಂದ್ಳು ಹೇಳ್ರಿ. ... ಬರೇ ಕೆಮ್ಮತೀರಲ್ಲ? ಹಲೋ? ... ಅಕ್ಕಾರ, ನಿಮಗಾರ ಹೇಳ್ಯಾರಾ? ... ಹಾಂ? ಕೇಳಸಂಗಿಲ್ಲ, ಜೋರಾಗಿ ಹೇಳ್ರಿ."

"... 'ಬಾಯಿ ಯಾರ್ದೈತಿ ಅವರ ಬಂದು ಹೇಳಬೇಕು' ಅಂದ್ಳಾ? ... ಹಂಗಂದು ಫೋನ್ ಇಟ್ಟ ಬಿಟ್ಳಾ?"

ಶಿವದೇವಿ ನಕ್ಕಳು. ಕೆನ್ನೆ ಹಿಗ್ಗಿದ್ದೇ ತಂತಿ ಚುಚ್ಚಿತು, ಕಣ್ಣಲ್ಲಿ ನೀರು ಬಂತು, ನಗು ನಿಲ್ಲಲಿಲ್ಲ.

"... ಇಲ್ರಿ, ಅಳಾಕತ್ತಿಲ್ಲ, ನಗಾಕತ್ತೀನಿ. ... ಆರತಿ ನನ್ನ ನೆಗೆಣ್ಣಿ ವತ್ಸಲಾಗ ಕೊಡ್ತೀರಾ? ಕೊಡ್ರಿ. ಆಕಿ ಚಲೋ ಹಿಡೀತಾಳ. ... ಇಲ್ಲ, ಮದುವಿಗಿ ಬಂದ ಬರ್ತೀನಿ. ಮುಂದಿನ ಸಾಲಿನ್ಯಾಗ ಕುಂದರತೀನಿ. ... ಬೀಗರು ಕೇಳಿದ್ರ ನಾನ ಉತ್ತರ ಕೊಡ್ತೀನಿ, ನೀವು ತ್ರಾಸ ತಗೋಬ್ಯಾಡ್ರಿ."

"... ಹಾಂ ರೀ, ಕೇಳಾಕತ್ತೀನಿ. ... ಬ್ಯಾಡ, ನೀವು ಬರೂದು ಬ್ಯಾಡ. ಮೆಟ್ರೋ ಐತಿ, ಒಬ್ಬಾಕಿನ ಹೋಗ್ತೀನಿ. ... ಸಿಟ್ಟಿಲ್ಲ. ಸಂಜಿಕ ಲಗೂನ ಬಂದು ಅಂಬಲಿ ಕಾಸಿಡ್ರಿ, ಗಂಟಾಗಬಾರದು. ... ಇನ್ನೂ ಒಂದೂವರಿ ವರ್ಷ ಹಿಂಗ. ನಗೋರಿಗಿ ಹೇಳಿಬಿಡ್ರಿ. ... ಏನು? ಕುರ್ಚಿ ಮ್ಯಾಲ ಕುಂತು ಆಕಿಗಿ ಏನ್ ಹೇಳ್ತೀನಾ? ಆಕಿ ಕೇಳ್ತಾಳ, ನಾ ಬಾಯಿ ತಗದು..."

ಲೈನ್ ಕಡಿಯಿತು. ಅಕ್ಕ ಕಡಿದಳೋ, ತಮ್ಮ ಕಡಿದನೋ ತಿಳಿಯಲಿಲ್ಲ. ಶಿವದೇವಿ ಚಪ್ಪಲಿ ಮೆಟ್ಟುತ್ತ, ಸದ್ದಡಗಿದ ಫೋನಿಗೇ ಮಾತು ಮುಗಿಸಿದಳು.

"ಈ ಸಲ ಗಟ್ಟಿಯಾಗಿ ಅಂಟಿಸವ್ವ ಅಂತೀನಿ."