ಪರದೆ ತೆಗೆಯುವ ಮೊದಲು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದೇ ಯಾವಾಗಲೂ ಶುರು ಮಾಡುತ್ತೇವೆ. ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಬ್ಬ ವಿಜ್ಞಾನಿ ಇದ್ದ. ಅವನಿಗೆ ಒಬ್ಬಳು ಶಿಷ್ಯೆ ಇದ್ದಳು.

ಇಬ್ಬರೂ ಹುಡುಕುತ್ತಿದ್ದದ್ದು ಏನನ್ನು? ಕೇಯಾನ್ ಎಂಬ ಕಣವೊಂದಿದೆ. ನೋಡಿ, ನಾವು ರೆಪ್ಪೆ ಮಿಟುಕಿಸುವುದರೊಳಗೆ ಅದು ಹುಟ್ಟಿ, ಒಡೆದು, ಬೇರೆ ಕಣಗಳಾಗಿಬಿಡುತ್ತದೆ. ಒಡೆಯುವ ರೀತಿ ಹಲವು. ಅದರಲ್ಲೊಂದು ಬಹಳ ಅಪರೂಪ. ಸಾವಿರ ಕೋಟಿ ಒಡೆದರೆ ಒಂದು ಹಾಗೆ ಒಡೆದೀತು. ಆ ಒಂದಕ್ಕಾಗಿ ಹದಿನಾರು ವರ್ಷ. ದಿನಾ ಸಂಜೆ ನಾಲ್ಕಕ್ಕೆ ಒಂದೇ ಡಬ್ಬಿಯ ಮೊಸರವಲಕ್ಕಿ ತಿನ್ನುತ್ತಾ, ಜಗಳವಾಡುತ್ತಾ ಹುಡುಕಿದರು.

ಗುರು ಒಂದು ನಿಯಮ ಮಾಡಿದ್ದ. ಆ ಅಪರೂಪದ್ದು ಸಿಕ್ಕಿದ್ದರೆ ಎಲ್ಲಿ ಕಾಣಬೇಕೋ, ಕಂಪ್ಯೂಟರಿನಲ್ಲಿ ಆ ಜಾಗಕ್ಕೆ ಪರದೆ. ಯಂತ್ರದ, ಲೆಕ್ಕದ ಪರಿಶೀಲನೆಗಳೆಲ್ಲ ಮುಗಿಯುವವರೆಗೆ ಯಾರೂ ಇಣುಕುವಂತಿಲ್ಲ, ಅವನೂ ಇಲ್ಲ. ಯಾಕೆ? ಆಸೆಪಟ್ಟ ಕಣ್ಣು ಇಲ್ಲದ್ದನ್ನೂ ಕಾಣುತ್ತದೆ.

ಕೊನೆಯ ವರ್ಷ ಗುರು ಹಾಸಿಗೆ ಹಿಡಿದ. ಅವನ ಮನೆ ಪ್ರಯೋಗಶಾಲೆಯಿಂದ ಎರಡೇ ಬೀದಿ. ಶಿಷ್ಯೆ ಹೋಗಲಿಲ್ಲ. ಕಲ್ಲುಮನಸ್ಸಿನವಳೇ? ಅಲ್ಲ, ಅಲ್ಲ. ‘ಏನಾದರೂ ಸಿಕ್ಕಿತಾ’ ಎಂದು ಅವನು ಕೇಳಿಬಿಟ್ಟರೆ? ಪರದೆ ತೆಗೆದಿಲ್ಲ, ಅವಳಿಗೂ ಗೊತ್ತಿಲ್ಲ. ಹೋಗುವ ಜೀವದ ಮುಂದೆ ‘ಗೊತ್ತಿಲ್ಲ’ ಎಂದುಕೊಂಡು ಹೇಗೆ ಕೂರುವುದು?

ಗುರುವಿನ ಹೆಂಡತಿ ಫೋನು ಮಾಡಿದರು. “ಒಂದ್ಸಲ ಬಂದು ಹೋಗಮ್ಮ.”

“ಇನ್ನೊಂದೇ ಪರಿಶೀಲನೆ ಇದೆ ಅಮ್ಮ. ಅದು ಮುಗಿದ್ರೆ ಹೇಳೋಕೆ ಏನಾದ್ರೂ ಇರುತ್ತೆ. ಆಗ ಬರ್ತೀನಿ.”

ಒಂದು ಮುಗಿದರೆ ಇನ್ನೊಂದು. ಅದು ಮುಗಿದರೆ ಮತ್ತೊಂದು. ಒಂಬತ್ತು ವಾರ ಹಾಗೇ ಹೋಯಿತು. ಗುರುವೂ ಹೋದ.

ಹನ್ನೊಂದನೆಯ ದಿನ ಪರದೆ ತೆಗೆದರು. ಆ ಜಾಗ ಖಾಲಿ. ಒಂದೂ ಇರಲಿಲ್ಲ.

ಅವಳು ಆವತ್ತೇ ಆ ಮನೆಗೆ ಹೋದಳು. ಮಂಚದ ಪಕ್ಕ ಒಂದು ಕುರ್ಚಿ.

“ಕೂತ್ಕೋ, ನಿಂದೇ ಅದು,” ಎಂದರು ಆ ತಾಯಿ. “ಅದರ ಮೇಲೆ ಒಂದು ಟವೆಲ್ ಹಾಕೋಕೂ ಬಿಡಲಿಲ್ಲ ಮಹಾರಾಯ. ನಾಲ್ಕು ಗಂಟೆ ಆದ್ರೆ ಬಾಗಿಲ ಕಡೆ ನೋಡೋರು.”

“ಏನು ಸಿಕ್ತು ಅಂತ ಕೇಳ್ತಿದ್ರಾ ಅಮ್ಮ?”

“ಇಲ್ಲ ಕಣೇ. ‘ಆ ಪೆದ್ದಿ ಅದಕ್ಕೇ ಹೆದರಿ ಬರ್ತಿಲ್ಲ. ನಿಯಮ ಮಾಡಿದೋನೇ ನಾನು, ನಾನು ಕೇಳ್ತೀನಾ?’ ಅಂತಿದ್ರು. ನಿನ್ನ ಜೊತೆ ಜಗಳ ಆಡ್ಬೇಕು ಅಂತಿತ್ತು, ಅಷ್ಟೇ.”

ಅವಳು ಆ ಕುರ್ಚಿಯಲ್ಲಿ ಕೂತಳು. ಮಂಚ ಖಾಲಿ ಇತ್ತು.

ಈಗ ಹೇಳಿ, ನಿಯಮ ತಪ್ಪೇ? ಅಲ್ಲ. ಅವಳು ಇಣುಕಬೇಕಿತ್ತೇ? ಬೇಡ. ಅವಳು ಉತ್ತರ ಹುಡುಕುತ್ತಾ ಕೂತಳು, ಕೇಳಿದವರು ಯಾರು?

ತಾಯಂದಿರೇ, ಅಣ್ಣಂದಿರೇ, ನಿಮಗೂ ಒಂದು ಕುರ್ಚಿ ಎಲ್ಲೋ ಕಾದಿದೆ. ಕೆಲಸ ಸಿಗಲಿ, ಆಮೇಲೆ ಚಿಕ್ಕಪ್ಪನ ಮನೆಗೆ ಹೋಗೋಣ. ಮಗಳ ಮದುವೆ ಗೊತ್ತಾಗಲಿ, ಆಮೇಲೆ ಅಕ್ಕನಿಗೆ ಮುಖ ತೋರಿಸೋಣ. ಒಳ್ಳೇ ಸುದ್ದಿ ಇರಲಿ, ಆಮೇಲೆ. ಹೀಗೆ ಎಷ್ಟು ದಿನ? ಇಲ್ಲಿಂದ ಎದ್ದವರು ನೇರ ಅಲ್ಲಿಗೆ ಹೋಗಿ. ಬರಿಗೈಯಲ್ಲಿ ಹೋಗಿ. ಕೇಳಿದರೆ ‘ಇನ್ನೂ ಗೊತ್ತಿಲ್ಲ’ ಎನ್ನಿ. ಅಷ್ಟು ಹೇಳಿ ಎದ್ದು ಬರಬೇಡಿ. ಸ್ವಲ್ಪ ಹೊತ್ತು ಕೂತಿರಿ.